ತುಪ್ಪದ ಹನಿಯೂ ಬೇಡದ ಹಿತಕಿದ ಬೇಳೆ ಸಾರು

ಸಂಕ್ರಾಂತಿಗೆ ಎರಡು ದಿನ ಮುಂಚೆ ನಮ್ಮಕ್ಕನ ಮಗಳು ಬೆಂಗಳೂರಿಂದ ಚಿಂತಾಮಣಿಗೆ ಬಂದಳು. ಚಪ್ಪಲಿ ಬಿಡುತ್ತಲೇ ಹೇಳಿದಳು, "ಚಿಕ್ಕಮ್ಮಾ, ನಾನೀಗ ವೀಗನ್. ಹಾಲು, ಮೊಸರು, ತುಪ್ಪ, ಜೇನುತುಪ್ಪ ಏನೂ ತಿನ್ನಲ್ಲ." ನಮ್ಮತ್ತೆ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಿ, "ಮತ್ತಿನ್ನೇನು ತಿಂತೀಯೇ ತಾಯಿ, ಗಾಳಿನಾ?" ಅಂದರು.

ನನಗೂ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಯೋಚನೆ ಮಾಡಿದೆ. ಮಾರನೇ ದಿನಕ್ಕೆ ಅಂತ ಇಟ್ಟುಕೊಂಡಿದ್ದದ್ದು ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕಿ ತೆಗೆದು ಮಾಡುವ ಹಿತಕಿದ ಬೇಳೆ ಸಾರು, ಮುದ್ದೆ. ಅದರಲ್ಲಿ ಹಾಲಿನದು ಅಂತ ಇರುವುದು ಮುದ್ದೆ ಮೇಲೆ ಬೀಳುವ ಒಂದು ಚಮಚ ತುಪ್ಪ ಅಷ್ಟೇ. ಅದನ್ನು ಬಿಟ್ಟರೆ ಮುಗೀತು, ಅಲ್ವಾ?

ಪೂರ್ತಿ ಮುಗಿಯಲಿಲ್ಲ. ತುಪ್ಪ ಇದ್ದಾಗ ನಾವು ಸಾರಿನಲ್ಲಿ ಸ್ವಲ್ಪ ಕಳ್ಳಾಟ ಆಡಬಹುದು. ಮಸಾಲೆ ಅರೆಬರೆ ಹುರಿದಿದ್ದರೂ, ಸಾರು ನೀರುನೀರಾಗಿದ್ದರೂ ತುಪ್ಪದ ವಾಸನೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ತುಪ್ಪ ತೆಗೆದ ದಿನ ಆ ದಪ್ಪ, ಆ ಜಿಡ್ಡು, ಆ ಹೊಟ್ಟೆ ತುಂಬುವ ಗುಣ ಎಲ್ಲಾ ಕಾಳು, ಮಸಾಲೆಯಿಂದಲೇ ಬರಬೇಕು. ಬರುತ್ತದೆ, ಆದರೆ ಎರಡು ಮೂರು ಕಡೆ ಅವಸರ ಮಾಡಬಾರದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಳತೆ ನಾಲ್ಕು ಜನಕ್ಕೆ.

ಮೊದಲು ಕಾಯಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೇ ನಾಟಿ ಅವರೆಯನ್ನು ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ರಾಗಿ ಸಾಲುಗಳ ನಡುನಡುವೆ ಹಾಕುತ್ತಾರೆ. ಹಗಲು ಚಿಕ್ಕದಾಗುತ್ತಾ ಬಂದಾಗಲೇ ಅದು ಹೂ ಬಿಡುವುದು. ಹಾಗಾಗಿ ಮಳೆಗಾಲದಲ್ಲಿ ಬಿತ್ತಿದರೂ ಕಾಯಿ ಕೈಗೆ ಸಿಗುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಅದಕ್ಕೇ ಈಗ ಬೇಸಿಗೆಯಲ್ಲೂ ಅವರೆಕಾಯಿ ಕಾಣಿಸುತ್ತದೆ. ನಾನು ಮಾತ್ರ ಈ ಸಾರಿಗೆ ಚಳಿಗಾಲದ ಕಾಯಿಯನ್ನೇ ಕಾಯುತ್ತೇನೆ. ಸೊಗಡು ಇಲ್ಲದ ಅವರೆ ನನಗೆ ಅವರೆ ಅನ್ನಿಸುವುದಿಲ್ಲ. ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆ ಹಚ್ಚಿದ ಹಾಗೆ ಅಂಟಬೇಕು. ಸೋಪು ಹಾಕಿ ತೊಳೆದ ಮೇಲೂ ಕೈ ಮೂಸಿದರೆ ಆ ವಾಸನೆ ಇರಬೇಕು. ಅಂಥ ಕಾಯಿ ಸಿಕ್ಕರೆ ಬೆಲೆ ಜಾಸ್ತಿ ಚೌಕಾಸಿ ಮಾಡದೆ ಎರಡು ಕೆಜಿ ತಂದುಬಿಡಿ.

ಕಾಳು ತುಂಬಿ ಉಬ್ಬಿರುವ, ಆದರೆ ಸಿಪ್ಪೆ ಇನ್ನೂ ಹಸಿರಾಗಿರುವ ಕಾಯಿ ಆರಿಸಿಕೊಳ್ಳಿ. ಎಳೆಕಾಳು ಹಿತುಕಲು ಬರುವುದಿಲ್ಲ, ಕೈಯಲ್ಲೇ ಪಚ್ಚಾಗುತ್ತದೆ. ಅದನ್ನು ಬೇರೆ ಇಟ್ಟು ಉಪ್ಪಿಟ್ಟಿಗೆ ಹಾಕಿಕೊಳ್ಳಿ. ತೂತು ಬಿದ್ದ ಕಾಯಲ್ಲಿ ಹುಳ ಇರುತ್ತದೆ, ನೋಡಿ ಬಿಡಿಸಿ. ನಮ್ಮತ್ತೆ ಒಂದು ಹುಳ ತೆಗೆದು ಪಕ್ಕಕ್ಕಿಟ್ಟು, "ಇದೂ ಸೊಪ್ಪುಸದೆನೇ ತಿನ್ನೋದು, ನಿನ್ನ ಜಾತಿನೇ" ಅಂತ ಹುಡುಗಿಯನ್ನು ಕಿಚಾಯಿಸಿದರು.

ಬಿಡಿಸಿದ ಕಾಳಿಗೆ ನಾಲ್ಕು ಬೆರಳು ಮೇಲೆ ಬರುವಷ್ಟು ನೀರು ಹಾಕಿ ರಾತ್ರಿ ನೆನೆಸಿಡಿ. ಏಳೆಂಟು ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ನೀರು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ. ಬೆಳಿಗ್ಗೆ ಸಿಪ್ಪೆ ಸುಕ್ಕಾಗಿ ಕಾಳಿನಿಂದ ಬಿಟ್ಟುಕೊಂಡಿರುತ್ತದೆ. ಈಗ ಎಲ್ಲರನ್ನೂ ಕರೆದು ಕೂರಿಸಿಕೊಳ್ಳಿ, ಒಬ್ಬರೇ ಕೂತರೆ ಬೇಜಾರಾಗುತ್ತದೆ. ಕಾಳನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು, ಒಂದು ತುದಿಯಲ್ಲಿ ಉಗುರು ತಾಗಿಸಿ, ಇನ್ನೊಂದು ತುದಿಯಿಂದ ಮೆಲ್ಲಗೆ ಒತ್ತಿ. ಪುಳಕ್ಕನೆ ಬೇಳೆ ಹೊರಗೆ ಬರುತ್ತದೆ. ಕೈಯನ್ನು ಪಾತ್ರೆಯ ಒಳಗೇ ಇಟ್ಟುಕೊಂಡು ಒತ್ತಿ, ಇಲ್ಲದಿದ್ದರೆ ಅದು ಹಾರಿ ಟಿವಿ ಕೆಳಗೆ ಹೋಗಿ ಸೇರುತ್ತದೆ. ಮೊದಲ ಹತ್ತು ನಿಮಿಷ ಒಂದೊಂದೇ ಬರುತ್ತದೆ, ಆಮೇಲೆ ಬೆರಳಿಗೆ ಲೆಕ್ಕ ಸಿಕ್ಕಿ ಮಾತಾಡುತ್ತಾ ಮಾತಾಡುತ್ತಾ ಬಟ್ಟಲು ತುಂಬುತ್ತದೆ. ಇದಕ್ಕೇ ಹಿತಕಿದ ಬೇಳೆ ಅನ್ನುವುದು. ಕೆಲವರು ಇದುಕಿದ ಬೇಳೆ ಅನ್ನುತ್ತಾರೆ. ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಪಿತಿಕಿ ಪಪ್ಪು. ಸಾರಿಗೆ ಇಂಥ ಬೇಳೆ ಮೂರು ಲೋಟ ಬೇಕು.

ಮಸಾಲೆಗೆ ಬೇಕಾದ್ದು: ಧನಿಯ ಎರಡು ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ಆರು, ಗುಂಟೂರು ಮೂರು, ಜೀರಿಗೆ ಒಂದು ಚಿಕ್ಕ ಚಮಚ, ಕಾಳುಮೆಣಸು ಅರ್ಧ ಚಿಕ್ಕ ಚಮಚ, ಚಕ್ಕೆ ಬೆರಳಿನ ಒಂದು ಗೆಣ್ಣಿನಷ್ಟು, ಲವಂಗ ನಾಲ್ಕು, ಗಸಗಸೆ ಒಂದು ಚಿಕ್ಕ ಚಮಚ, ಹುರಿಗಡಲೆ ಒಂದು ದೊಡ್ಡ ಚಮಚ, ತೆಂಗಿನಕಾಯಿ ತುರಿ ಅರ್ಧ ಲೋಟ, ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಒಗ್ಗರಣೆಗೆ ಇನ್ನೊಂದು ಈರುಳ್ಳಿ, ಎರಡು ಟೊಮೇಟೊ, ಸಾಸಿವೆ, ಕರಿಬೇವು, ಮೂರು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ. ಬೇಳೆ ಜೊತೆ ಒಂದು ಆಲೂಗಡ್ಡೆ ಹಾಕಿದರೆ ಚೆನ್ನ.

ಬಾಣಲೆಗೆ ಒಂದು ಚಿಕ್ಕ ಚಮಚ ಎಣ್ಣೆ ಹಾಕಿ ಧನಿಯ, ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಚಕ್ಕೆ, ಲವಂಗ ಸಣ್ಣ ಉರಿಯಲ್ಲಿ ಹುರಿಯಿರಿ. ಘಮ್ಮಂತ ಬರುವವರೆಗೆ ಫೋನ್ ಮುಟ್ಟಬೇಡಿ. ಗಸಗಸೆ ಕೊನೆಗೆ, ಅದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸೀಯುತ್ತದೆ. ಇವನ್ನು ತೆಗೆದಿಟ್ಟು ಅದೇ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಒಲೆ ಆರಿಸಿದ ಮೇಲೆ ತೆಂಗಿನಕಾಯಿ ಹಾಕಿ ಒಂದು ಸಲ ಕೈಯಾಡಿಸಿದರೆ ಸಾಕು. ಆರಿದ ಮೇಲೆ ಎಲ್ಲವನ್ನೂ ಹುರಿಗಡಲೆ, ಕೊತ್ತಂಬರಿ ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ. ನುಣ್ಣಗೆ ಅಂದರೆ ನಿಜವಾಗಿ ನುಣ್ಣಗೆ, ಗಸಗಸೆ ಉಳಿದುಕೊಂಡರೆ ನಾಲಿಗೆಗೆ ಮರಳು ಸಿಕ್ಕ ಹಾಗಿರುತ್ತದೆ. ತುಪ್ಪದ ಜಾಗ ತುಂಬುವುದು ಗಸಗಸೆ, ಹುರಿಗಡಲೆ, ತೆಂಗಿನಕಾಯಿ ಈ ಮೂರೇ. ಇಲ್ಲಿ ಜಿಪುಣತನ ಬೇಡ.

ಈಗ ಬೇಳೆ. ಇದನ್ನು ಕುಕ್ಕರಿಗೆ ಹಾಕಬೇಡಿ. ಮದುವೆಯಾದ ಹೊಸದರಲ್ಲಿ ನಾನು ಹಾಕಿದ್ದೆ, ಮೂರು ವಿಸಿಲ್ ಕೂಗಿಸಿದ್ದೆ. ಮುಚ್ಚಳ ತೆಗೆದು ನೋಡಿದರೆ ಒಳಗೆ ಅಂಬಲಿ. ಮನೆಮಂದಿಯೆಲ್ಲಾ ಒಂದು ಗಂಟೆ ಹಿತುಕಿದ ಬೇಳೆ ಅದು! ಯಾರೂ ಏನೂ ಅನ್ನಲಿಲ್ಲ, ಸುಮ್ನೆ ಉಂಡರು. ಅದೇ ಜಾಸ್ತಿ ನಾಚಿಕೆಯಾಯಿತು. ತಳ ದಪ್ಪ ಇರುವ ಪಾತ್ರೆಯಲ್ಲಿ ನಾಲ್ಕು ಲೋಟ ನೀರು ಕುದಿಸಿ, ಬೇಳೆ, ಆಲೂಗಡ್ಡೆ ಹೋಳು, ಚಿಟಿಕೆ ಅರಿಶಿನ ಹಾಕಿ. ಮೇಲೆ ಬರುವ ನೊರೆ ತೆಗೆದುಬಿಡಿ. ಎಂಟು ಹತ್ತು ನಿಮಿಷಕ್ಕೆ ಬೇಳೆ ಮುಕ್ಕಾಲು ಬೆಂದಿರುತ್ತದೆ.

ಈ ಹಂತದಲ್ಲಿ ಟೊಮೇಟೊ, ಹುಣಸೆಹಣ್ಣು ಏನೂ ಹಾಕಬೇಡಿ. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ನಮ್ಮೂರಲ್ಲಿ ಟೊಮೇಟೊಗೆ ಬರವಿಲ್ಲ, ಕೋಲಾರದ ಮಾರುಕಟ್ಟೆಗೆ ಲೋಡುಗಟ್ಟಲೆ ಬರುತ್ತದೆ, ಹಾಗಂತ ಎಲ್ಲಕ್ಕೂ ಮೊದಲೇ ಸುರಿಯುವುದು ನಮ್ಮ ಅಭ್ಯಾಸ. ಆಮೇಲೆ ಕಾಳು ಬೇಯಲಿಲ್ಲ, ಅಂಗಡಿಯವನು ಹಳೇದು ಕೊಟ್ಟ ಅಂತ ಬೈಯುವುದು. ಇನ್ನೊಂದು ಕಳ್ಳ ನೀರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದೂ ಕಾಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಿತಕಿದ ಬೇಳೆಗೆ ಅಷ್ಟು ಗೊತ್ತಾಗುವುದಿಲ್ಲ, ಒಣಕಾಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕುಡಿಯುವುದಕ್ಕೆ ತರುವ ಫಿಲ್ಟರ್ ನೀರಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ. ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಸಾರಿಗೆ ಸೋಪಿನ ರುಚಿ ಬರುತ್ತದೆ.

ಅತ್ತ ಬೇಳೆ ಬೇಯುತ್ತಿರುವಾಗ ಇತ್ತ ಇನ್ನೊಂದು ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕರಿಬೇವು, ಹೆಚ್ಚಿದ ಈರುಳ್ಳಿ, ಟೊಮೇಟೊ ಒಂದರ ಹಿಂದೆ ಒಂದು ಹಾಕಿ. ಟೊಮೇಟೊ ಕರಗಿದ ಮೇಲೆ ರುಬ್ಬಿದ ಮಸಾಲೆ. ಇಲ್ಲಿ ನಿಲ್ಲಿ. ಮಸಾಲೆ ಮೊದಲು ಪುಟಪುಟ ಸಿಡಿಯುತ್ತದೆ, ಹಸಿ ವಾಸನೆ ಬರುತ್ತದೆ, ಆಮೇಲೆ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿ, ಪಾತ್ರೆಯ ಅಂಚಿನಲ್ಲಿ ಎಣ್ಣೆ ಸಣ್ಣ ಗೆರೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಸಣ್ಣ ಉರಿಯಲ್ಲಿ ಎಂಟು ನಿಮಿಷವಾದರೂ ಬೇಕು. ಆ ಗೆರೆ ಕಾಣುವವರೆಗೆ ನೀರು ಹಾಕಬೇಡಿ. ತುಪ್ಪ ಇಲ್ಲದ ಸಾರಿನ ಹಣೆಬರಹ ಇಲ್ಲೇ ತೀರ್ಮಾನ ಆಗುವುದು.

ಗೆರೆ ಕಂಡ ಮೇಲೆ ಬೆಂದ ಬೇಳೆಯನ್ನು ನೀರಿನ ಸಮೇತ ಇದಕ್ಕೆ ಸೇರಿಸಿ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಒಂದು ಸೌಟು ಬೇಳೆಯನ್ನು ಪಾತ್ರೆಯ ಗೋಡೆಗೆ ಒತ್ತಿ ನುರಿದು ಸಾರಿಗೇ ಕಲಸಿ, ದಪ್ಪ ತಾನಾಗಿ ಬರುತ್ತದೆ. ಸೌಟು ಎತ್ತಿದರೆ ಸಾರು ಅದರ ಬೆನ್ನಿಗೆ ಅಂಟಿಕೊಂಡು ನಿಧಾನವಾಗಿ ಜಾರಬೇಕು. ಇಳಿಸುವ ಮುಂಚೆ ನಾನು ಹುರಿದ ಹುಚ್ಚೆಳ್ಳಿನ ಪುಡಿ ಒಂದು ಚಿಕ್ಕ ಚಮಚ ಉದುರಿಸುತ್ತೇನೆ. ಇದು ನಮ್ಮ ಮನೆ ಪದ್ಧತಿಯೇನಲ್ಲ, ತುಪ್ಪದ ಬದಲು ಏನಾದರೂ ಘಮ ಬೇಕಲ್ಲ ಅಂತ ಆ ದಿನ ಹೊಳೆದದ್ದು. ಚಮಚದ ಮೇಲೆ ಹೋಗಬೇಡಿ, ಕಹಿಯಾಗುತ್ತದೆ.

ಅವರೆ ಕಾಲ ಮುಗಿದಿದ್ದರೆ ಒಣ ಅವರೆಕಾಳು, ಹುರುಳಿ, ಅಲಸಂದೆ ಯಾವುದಾದರೂ ಆಗುತ್ತದೆ. ಒಣ ಅವರೆಯನ್ನು ಹತ್ತು ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿನಲ್ಲಿ ನಾಲ್ಕೈದು ವಿಸಿಲ್. ಇದಕ್ಕೆ ಮಾತ್ರ ಕುಕ್ಕರ್ ಸರಿ. ರಾಜ್ಮಾ ಹಾಕುವವರಿಗೆ ಒಂದು ಮಾತು: ಅದು ಅರೆಬೆಂದರೆ ವಾಂತಿ, ಹೊಟ್ಟೆನೋವು ಗ್ಯಾರಂಟಿ. ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಕುದಿಯೇ ಬರದ ಹಾಗೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಗಳಿವೆಯಲ್ಲ, ಅದಕ್ಕೆ ಹಸಿ ರಾಜ್ಮಾ ನೇರವಾಗಿ ಹಾಕಬೇಡಿ.

ಜೊತೆಗೆ ಮುದ್ದೆ. ಎರಡು ಲೋಟ ನೀರಿಗೆ ಒಂದು ಲೋಟ ರಾಗಿ ಹಿಟ್ಟು, ಕೋಲಿನಲ್ಲಿ ಗಂಟಿಲ್ಲದ ಹಾಗೆ ತೊಳಸಿ, ಕೈಗೆ ತುಪ್ಪದ ಬದಲು ತಣ್ಣೀರು ಮುಟ್ಟಿಸಿಕೊಂಡು ಕಟ್ಟಿ. ಹಾಲು ಬಿಟ್ಟವರು ಕ್ಯಾಲ್ಸಿಯಂ ಎಲ್ಲಿಂದ ಅಂತ ಕೇಳುತ್ತಿರುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ.

ಹುಡುಗಿ ಎರಡು ಮುದ್ದೆ ಉಂಡಳು. ನಮ್ಮತ್ತೆ ತಮ್ಮ ತಟ್ಟೆಗೆ ತುಪ್ಪ ಹಾಕಿಕೊಳ್ಳಲು ಗಿಂಡಿ ಎತ್ತಿದವರು, ಒಂದು ತುತ್ತು ನುಂಗಿ, ಗಿಂಡಿಯನ್ನು ಹಾಗೇ ಕೆಳಗಿಟ್ಟರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಸಾರು ಉಳಿದರೆ ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ತಣ್ಣೀರು ಸುರಿಯದೆ ಬಿಸಿನೀರು ಸೇರಿಸಿ ಕಾಯಿಸಿ, ಅಕ್ಕಿರೊಟ್ಟಿಗೆ ಚೆನ್ನಾಗಿರುತ್ತದೆ. ಊರಿಗೆ ಡಬ್ಬಿ ಕಟ್ಟಿ ಕಳಿಸುವುದಾದರೆ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ, ತೆಂಗಿನಕಾಯಿ ಇರುವ ಸಾರು ಬಿಸಿಬಿಸಿಯಲ್ಲೇ ಮುಚ್ಚಿದರೆ ಬಸ್ಸು ಊರು ಮುಟ್ಟುವಷ್ಟರಲ್ಲಿ ಹಳಸಿರುತ್ತದೆ.