ಕಾಮಾಲೆ 14 ದಿನ ದಾಟಿದರೆ ಮಲದ ಬಣ್ಣ ನೋಡಿ

ಹಸುಗೂಸಿಗೆ ಮೊದಲ ವಾರ ಕಾಮಾಲೆ ಬರುವುದು ಮಾಮೂಲು, ಬಹುಪಾಲು ತಾನಾಗಿ ಇಳಿಯುತ್ತದೆ. ಆ ಧೈರ್ಯದಲ್ಲೇ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ, ಬಿಲಿಯರಿ ಅಟ್ರೀಸಿಯಾ, ಕಣ್ತಪ್ಪುತ್ತದೆ. ಪಿತ್ತ ಕರುಳಿಗೆ ಇಳಿಯದೆ ಯಕೃತ್ತನ್ನೇ ಹಾಳುಮಾಡುತ್ತದೆ. ಕರುಳಿನ ತುಂಡನ್ನು ನೇರ ಯಕೃತ್ತಿಗೆ ಜೋಡಿಸುವ ಕಸಾಯ್ ಆಪರೇಷನ್ 60 ದಿನದೊಳಗೆ ಆದರೆ ಫಲ ಚೆನ್ನ. (ಹೆಸರು ಕೇಳಿ ಗಾಬರಿ ಬೇಡ, ಅದು ಜಪಾನಿನ ಸರ್ಜನ್ ಮೊರಿಯೊ ಕಸಾಯ್ ಅವರದು.) ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ತೋರಿಸೋಣವೆಂದರೆ 42 ದಿನ ಕಳೆದಿರುತ್ತದೆ, ಉಳಿಯುವುದು 18.

ಹಾಗಾಗಿ 14ನೇ ದಿನವೇ ನೋಡಿ. ಆಶಾ ಕಾರ್ಯಕರ್ತೆ ಮನೆಗೆ ಬರುವ ದಿನವೂ ಅದೇ. ಕಣ್ಣಿನ ಬಿಳಿ ಇನ್ನೂ ಹಳದಿಯೇ? ಲಂಗೋಟಿಯಲ್ಲಿ ಉಚ್ಚೆಯ ಹಳದಿ ಕಲೆ ಉಳಿಯುತ್ತಿದೆಯೇ? ಎಳೆಗೂಸಿನ ಉಚ್ಚೆಗೆ ಬಣ್ಣವೇ ಇರುವುದಿಲ್ಲವೆನ್ನಬೇಕು.

ಮಲವನ್ನು ಕಿಟಕಿಯ ಬೆಳಕಿಗೆ ತಂದು ನೋಡಿ. ಬಾಣಂತಿ ಕೋಣೆಯ ಹಳದಿ ಬಲ್ಬಿನಡಿ ಬಿಳಿಚಿದ ಮಲವೂ ಹಳದಿಯಾಗಿಯೇ ಕಾಣುತ್ತದೆ, ಮೊಬೈಲ್ ಫೋಟೊವೂ ಬಣ್ಣ ಬದಲಿಸುತ್ತದೆ. ಉಚ್ಚೆ ತಾಗಿ ಮೇಲ್ಮೈ ಹಳದಿಯಾಗಿರಬಹುದು, ಕಡ್ಡಿಯಿಂದ ಬಿಡಿಸಿ ಒಳಗೆ ನೋಡಿ. ಸಾಸಿವೆಯ ಹಳದಿ, ಹಸಿರು ಎರಡೂ ಸರಿ. ಸುಣ್ಣ, ಜೇಡಿಮಣ್ಣು, ತಿಳಿ ಕೆನೆಯ ಬಣ್ಣವಾದರೆ ಅಂದೇ ಮಕ್ಕಳ ಡಾಕ್ಟರ ಬಳಿ ಹೋಗಿ. ಮೊದಲ ವಾರ ಬಣ್ಣವಿದ್ದು ಆಮೇಲೆ ಬಿಳಿಚುವುದೂ ಉಂಟು, ಆದ್ದರಿಂದ ಎರಡು ತಿಂಗಳವರೆಗೆ ಗಮನವಿರಲಿ. ತೈವಾನ್ ಇದಕ್ಕೆಂದೇ 2004ರಿಂದ ದೇಶದಾದ್ಯಂತ ಬಣ್ಣದ ಕಾರ್ಡ್ ಹಂಚುತ್ತಿದೆ.

ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ಟೋಟಲ್ ಎಷ್ಟು ಎಂಬುದರ ಜೊತೆ ಡೈರೆಕ್ಟ್, ಅಂದರೆ ಯಕೃತ್ತು ಪಿತ್ತದಲ್ಲಿ ಹೊರಹಾಕಲು ಸಿದ್ಧಪಡಿಸಿದ ಭಾಗ, ಎಷ್ಟೆಂದೂ ಬರೆಸಿಕೊಳ್ಳಿ. ಚರ್ಮಕ್ಕೆ ಹಿಡಿಯುವ ಮೀಟರ್ ಡೈರೆಕ್ಟ್ ಹೇಳುವುದಿಲ್ಲ. ಡೈರೆಕ್ಟ್ 1 ಮಿ.ಗ್ರಾಂ./ಡೆ.ಲೀ. ದಾಟಿದರೆ ಮಕ್ಕಳ ಯಕೃತ್ ತಜ್ಞರಿಗೆ ಕಳಿಸಬೇಕು. ಟೋಟಲ್ 8, ಡೈರೆಕ್ಟ್ 1.3 ಇದ್ದಾಗ "ಟೋಟಲ್‌ನ ಶೇಕಡ 20ಕ್ಕಿಂತ ಕಡಿಮೆಯಲ್ಲವೇ" ಎಂದು ಬಿಡುವುದೇ ನಾವು ಕಾಣುವ ಪದೇಪದೇ ತಪ್ಪು. ಅಲ್ಟ್ರಾಸೌಂಡ್‌ಗೆ ಸುಮಾರು 4 ಗಂಟೆ ಹಾಲು ಬಿಟ್ಟಿರಬೇಕು, ಇಲ್ಲವಾದರೆ ಪಿತ್ತಕೋಶ ಕುಗ್ಗಿ ಮೋಸ ಮಾಡುತ್ತದೆ. ಪಿತ್ತಕೋಶ ಕಂಡರೂ ಕಾಯಿಲೆ ಇಲ್ಲವೆಂದಲ್ಲ.

ಮಗು ಮೈತುಂಬಿಕೊಂಡಿದೆ ಎಂದು ಅಜ್ಜಿ ಹೇಳುವುದು ನಿಜವಿರಬಹುದು, ಮೊದಮೊದಲು ತೂಕ ಏರುತ್ತಲೇ ಇರುತ್ತದೆ. ಎಳೆ ಬಿಸಿಲಿಗೆ ಡೈರೆಕ್ಟ್ ಇಳಿಯದು. ನಾಟಿ ಔಷಧಿ ದಿನ ತಿನ್ನುತ್ತದೆ. ಪಿತ್ತವಿಲ್ಲದೆ ವಿಟಮಿನ್ ಕೆ ಹೀರಲಾಗದು, ಹೊಕ್ಕುಳಿಂದಲೋ ಮೂಗಿನಿಂದಲೋ ರಕ್ತ ಕಂಡರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ.