ಎಂಟನೇ ತರಗತಿಯವರ ಮುಂದೆ ಒಂದು ಕೆಟ್ಟ ಮಿಕ್ಸಿ

ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಮತ್ತು ಹಾರ್ಡ್‌ವೇರ್ ವಿಷಯದ ವೃತ್ತಿ ತರಬೇತುದಾರನಾಗಿದ್ದೇನೆ. ನಮ್ಮಲ್ಲಿ ಒಂಬತ್ತನೇ ತರಗತಿಗೆ ಬರುವ ಮಕ್ಕಳು ತೃತೀಯ ಭಾಷೆಯ ಬದಲಿಗೆ ಈ ವಿಷಯವನ್ನು ಆರಿಸಿಕೊಳ್ಳಬಹುದು. ಒಂಬತ್ತರಲ್ಲಿ ಒಂದನೇ ಹಂತ, ಹತ್ತರಲ್ಲಿ ಎರಡನೇ ಹಂತ ಮುಗಿಸಿದ ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹಿಂದಿ ಪತ್ರಿಕೆಯ ಜಾಗದಲ್ಲಿ ಇದನ್ನೇ ಬರೆಯುತ್ತಾರೆ. ಆದ್ದರಿಂದ ಪ್ರತಿ ವರ್ಷ ಎಂಟನೇ ತರಗತಿಯ ವಾರ್ಷಿಕ ಪರೀಕ್ಷೆ ಆರಂಭವಾಗುವ ಮೊದಲೇ ಆ ಮಕ್ಕಳಿಗೆ ಈ ವಿಷಯ ಏನೆಂಬುದನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಆ ಕೆಲಸವನ್ನು ನಾನು ಮೊದಲ ವರ್ಷ ಹೇಗೆ ಕೆಡಿಸಿದೆ, ಈಗ ಹೇಗೆ ಮಾಡುತ್ತಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಪ್ರೊಜೆಕ್ಟರ್ ಮುಂದೆ ನಿಂತು ಮೂವತ್ತಕ್ಕೂ ಹೆಚ್ಚು ಸ್ಲೈಡುಗಳನ್ನು ತೋರಿಸಿದೆ. ಈ ವಿಷಯದ ಹಂತಗಳಿಗೆ ಆಧಾರವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರಲ್ಲಿ ಜಾರಿಗೆ ಬಂದದ್ದು, ಅದರ ಹಂತಗಳು, ಪ್ರಮಾಣಪತ್ರದ ಮಹತ್ವ, ಮುಂದಿನ ಉದ್ಯೋಗಾವಕಾಶಗಳು, ಹೀಗೆ ಇಲಾಖೆಯ ತರಬೇತಿಯಲ್ಲಿ ನನಗೆ ಹೇಳಿದ್ದನ್ನೆಲ್ಲ ಹದಿಮೂರು ವರ್ಷದ ಮಕ್ಕಳ ಮೇಲೆ ಸುರಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕರೆಂಟು ಹೋಯಿತು. ಮಕ್ಕಳ ಮುಖದ ಮೇಲೆ ಮೂಡಿದ ನಿರಾಳವನ್ನು ನೋಡಿದಾಗ ತಪ್ಪು ವಿದ್ಯುತ್ ಇಲಾಖೆಯದಲ್ಲ ಎಂದು ನನಗೆ ತಿಳಿಯಿತು. ಕೊನೆಗೆ ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಇದು ತಗೊಂಡ್ರೆ ಹಿಂದಿ ಇರಲ್ಲ ಅಲ್ವಾ?" ಎಂದ. ಇರುವುದಿಲ್ಲ ಎಂದೆ. ಆ ವರ್ಷ ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಆ ಒಂದು ಉತ್ತರದ ಮೇಲೆಯೇ ಬಂದವರು.

ಹಾಗೆ ಬಂದವರನ್ನು ದೂರುವಂತಿಲ್ಲ, ಏಕೆಂದರೆ ಅವರಿಗೆ ಆರಿಸಿಕೊಳ್ಳಲು ನಾನು ಬೇರೆ ಕಾರಣವನ್ನೇ ಕೊಟ್ಟಿರಲಿಲ್ಲ. ಆದರೆ ಜೂನ್ ಮುಗಿಯುವ ಮೊದಲೇ ತೊಂದರೆ ಶುರುವಾಯಿತು. ಓಮ್‌ನ ನಿಯಮ, ಕರೆಂಟಿನ ಹರಿವನ್ನು ತಡೆಯುವ ರೆಸಿಸ್ಟರಿನ ಬಣ್ಣದ ಪಟ್ಟಿಗಳ ಲೆಕ್ಕ, ವೋಲ್ಟೇಜು, ಕರೆಂಟು ಅಳೆಯುವ ಮಲ್ಟಿಮೀಟರಿನ ರೇಂಜು, ದಿನವೂ ಬರೆಯಬೇಕಾದ ಪ್ರಾಯೋಗಿಕ ದಾಖಲೆ ಪುಸ್ತಕ ಇವನ್ನೆಲ್ಲ ಕಂಡ ಮಕ್ಕಳು, ಹಿಂದಿಯನ್ನು ತಪ್ಪಿಸಿಕೊಳ್ಳಲು ಹೋಗಿ ಗಣಿತದ ಇನ್ನೊಂದು ಪೀರಿಯಡ್ಡಿಗೆ ಸಿಕ್ಕಿಬಿದ್ದೆವು ಎಂದುಕೊಂಡರು. ಹಿಂದಿ ಮೇಷ್ಟ್ರು ಮತ್ತು ನಾನು ಒಂದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವವರು. ಅವರ ಪಾಠದ ಮೇಲಿನ ಹೆದರಿಕೆಯನ್ನು ನನ್ನ ಪಾಠದ ಜಾಹೀರಾತು ಮಾಡಿಕೊಂಡದ್ದು ಆ ದೃಷ್ಟಿಯಿಂದಲೂ ನನಗೆ ಸರಿ ಎನಿಸಲಿಲ್ಲ.

ಎರಡನೇ ವರ್ಷ ಪ್ರೊಜೆಕ್ಟರನ್ನು ಕೈಬಿಟ್ಟು, ನಮ್ಮ ಲ್ಯಾಬಿಗೆ ಯಾರೋ ಪೋಷಕರು ಕೊಟ್ಟಿದ್ದ, ತಿರುಗದ ಮಿಕ್ಸಿಯೊಂದನ್ನು ಮೇಜಿನ ಮೇಲಿಟ್ಟೆ. ಮಿಕ್ಸಿ ಪ್ರತಿ ಮನೆಯಲ್ಲಿಯೂ ಇದೆ, ಅದು ಕೆಟ್ಟ ದಿನ ಚಟ್ನಿಗೆ ಒರಳುಕಲ್ಲೇ ಗತಿ ಎಂಬುದು ಎಲ್ಲ ಮಕ್ಕಳಿಗೂ ಗೊತ್ತಿದೆ. ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ಮಾತ್ರ ಬಹುತೇಕ ಯಾರಿಗೂ ಗೊತ್ತಿಲ್ಲ. ಪ್ಲಗ್ ಗೋಡೆಯಿಂದ ಹೊರಗಿದೆ ಎಂಬುದನ್ನು ಎಲ್ಲರಿಗೂ ಎತ್ತಿ ತೋರಿಸಿ, ಪ್ಲಗ್ಗನ್ನು ನನ್ನ ಜೇಬಿನಿಂದ ಹೊರಗೆ ಕಾಣುವಂತೆ ಇಟ್ಟುಕೊಂಡು, ತಳಭಾಗದ ಸ್ಕ್ರೂಗಳನ್ನು ಬಿಚ್ಚಿದೆ. ಕದಲದೆ ಕೂತಿರುವ ತಂತಿಸುರುಳಿಯಾದ ಫೀಲ್ಡ್ ಕಾಯಿಲ್, ಅದರ ನಡುವೆ ತಿರುಗುವ ಆರ್ಮೇಚರ್, ಅದರ ತುದಿಯ ತಾಮ್ರದ ಕಮ್ಯುಟೇಟರ್, ಅದಕ್ಕೆ ಎರಡೂ ಬದಿಯಿಂದ ಒತ್ತಿಕೊಂಡು ಕರೆಂಟು ದಾಟಿಸುವ ಕಾರ್ಬನ್ ಬ್ರಷ್ಷುಗಳು, ಇವುಗಳನ್ನು ಒಂದೊಂದಾಗಿ ತೋರಿಸುತ್ತ, ಕಾರ್ಬನ್ ಸವೆದರೆ ಮೋಟಾರು ಮೊದಲು ಕಿಡಿ ಕಾರುತ್ತದೆ, ಆಮೇಲೆ ನಿಂತೇಹೋಗುತ್ತದೆ ಎಂದು ಗಂಭೀರವಾಗಿ ವಿವರಿಸಿದೆ. ಬ್ರಷ್ಷುಗಳನ್ನು ಹೊರತೆಗೆದೆ. ಅವು ಚೆನ್ನಾಗಿಯೇ ಇದ್ದವು. ಫೀಲ್ಡ್ ಕಾಯಿಲ್ ಪರೀಕ್ಷಿಸಿದೆ, ಅದೂ ಸರಿಯಾಗಿತ್ತು. ಆರ್ಮೇಚರಿಗೆ ಕೈ ಹಾಕುವ ಹೊತ್ತಿಗೆ ನನ್ನ ಹಣೆಯ ಮೇಲೆ ಬೆವರು ಬಂದಿತ್ತು; ಇಪ್ಪತ್ತು ನಿಮಿಷ ಕಳೆದರೂ ದೋಷ ಸಿಕ್ಕಿರಲಿಲ್ಲ.

ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿಕೊಡಲೆಂದು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ ಒಂಬತ್ತನೇ ತರಗತಿಯ ಹುಡುಗಿ ಮೆಲ್ಲಗೆ, "ಸಾರ್, ಮೊದ್ಲು ವೈರು ನೋಡ್ಬೇಕು ಅಂತ ನೀವೇ ಹೇಳಿದ್ರಲ್ವಾ?" ಎಂದಳು. ಮಲ್ಟಿಮೀಟರನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬೀಪ್ ಬರುವ ಗುರುತಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಪ್ಲಗ್ಗಿನ ಪಿನ್ನಿಗೂ ಇನ್ನೊಂದನ್ನು ಅದೇ ತಂತಿಯ ಒಳಗಿನ ತುದಿಗೂ ಇಟ್ಟಳು. ತಂತಿ ತುಂಡಾಗದಿದ್ದರೆ ಬೀಪ್ ಬರಬೇಕು. ಸದ್ದಿಲ್ಲ. ವೈರನ್ನು ಪ್ಲಗ್ಗಿನ ಬುಡದಲ್ಲಿ ಸ್ವಲ್ಪ ಬಗ್ಗಿಸಿದಳು, ಬೀಪ್ ಎಂದಿತು. ಬಿಟ್ಟಳು, ನಿಂತಿತು. ಮಿಕ್ಸಿ ಬಳಸಿದ ಮೇಲೆ ವೈರನ್ನು ಅದರ ಮೈಗೆ ಬಿಗಿಯಾಗಿ ಸುತ್ತಿಡುವ ಮನೆಗಳಲ್ಲಿ ತಾಮ್ರದ ಎಳೆಗಳು ರಬ್ಬರಿನೊಳಗೇ ತುಂಡಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಆ ಬೀಪ್ ಮತ್ತೊಮ್ಮೆ ಕೇಳಬೇಕೆಂದು ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು. ನನ್ನ ಸ್ಲೈಡುಗಳಿಗೆ ಯಾರೂ ಹೀಗೆ ಎದ್ದು ಬಂದಿರಲಿಲ್ಲ.

ಆ ದಿನದ ಬಳಿಕ ನಾನು ಮಾಡಿದ ಮುಖ್ಯ ಬದಲಾವಣೆಯೆಂದರೆ, ಮಿಕ್ಸಿಯನ್ನು ನಾನು ಬಿಚ್ಚುವುದಿಲ್ಲ. ಒಂಬತ್ತನೇ ತರಗತಿಯ ಇಬ್ಬರು ಬಿಚ್ಚುತ್ತಾರೆ, ದೋಷ ಎಲ್ಲಿದೆ ಎಂದು ಅವರಿಗೂ ಮುಂಚೆ ಹೇಳಿರುವುದಿಲ್ಲ. ಹೊರೆ ಹೆಚ್ಚಾದಾಗ ಮೋಟಾರನ್ನು ನಿಲ್ಲಿಸುವ, ಕೆಳಗಿನ ಕೆಂಪು ಓವರ್‌ಲೋಡ್ ಗುಂಡಿ ಹೊರಗೆ ಬಂದಿದೆಯೇ ಎಂಬುದರಿಂದ ಹಿಡಿದು ವೈರು, ಸ್ವಿಚ್ಚು, ಬ್ರಷ್ಷು, ಕಾಯಿಲ್ ಎಂಬ ಕ್ರಮದಲ್ಲಿ ಅವರು ಹುಡುಕುತ್ತಾ ಹೋಗುವಾಗ ತಡವರಿಸುತ್ತಾರೆ, ಒಬ್ಬರನ್ನೊಬ್ಬರು ತಿದ್ದುತ್ತಾರೆ, ಕೆಲವೊಮ್ಮೆ ಜಗಳವಾಡುತ್ತಾರೆ. ಒಂದು ವರ್ಷ ದೊಡ್ಡವರಾದ ಅಕ್ಕ ಅಣ್ಣಂದಿರು ಹೀಗೆ ತಡವರಿಸುವುದನ್ನು ನೋಡಿದ ಮಕ್ಕಳಿಗೆ ಇದು ತಮ್ಮ ಕೈಗೂ ಎಟುಕುವ ಕೆಲಸ ಎನಿಸುತ್ತದೆ. ಅದೇ ಕೆಲಸವನ್ನು ಮೇಷ್ಟ್ರು ಸಲೀಸಾಗಿ ಮಾಡಿ ತೋರಿಸಿದರೆ ಮ್ಯಾಜಿಕ್ ನೋಡಿದಂತೆ ನೋಡಿ ಎದ್ದು ಹೋಗುತ್ತಾರೆ.

ಅನಂತರ ಮಕ್ಕಳ ಕೈಗೇ ಕೆಲಸ ಕೊಡುತ್ತೇನೆ. 230 ವೋಲ್ಟಿನ ಹತ್ತಿರಕ್ಕೆ ಎಂಟನೇ ತರಗತಿಯವರನ್ನು ಬಿಡುವ ಪ್ರಶ್ನೆಯೇ ಇಲ್ಲ. ನಾಲ್ಕು ಮಂದಿಗೆ ಒಂದರಂತೆ 9 ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ, 470 ಓಮ್‌ನ ಒಂದು ರೆಸಿಸ್ಟರ್, ಕ್ಲಿಪ್ ಇರುವ ವೈರುಗಳನ್ನು ಕೊಟ್ಟು, ದೀಪ ಹೊತ್ತಿಸಿ ಎಂದಷ್ಟೇ ಹೇಳುತ್ತೇನೆ. ಎಲ್‌ಇಡಿಯ ಉದ್ದ ಕಾಲು ಪಾಸಿಟಿವ್ ಕಡೆಗೆ ಬರಬೇಕೆಂದು ಹೇಳುವುದಿಲ್ಲ. ಸಾಮಾನ್ಯವಾಗಿ ಅರ್ಧದಷ್ಟು ಗುಂಪುಗಳು ತಿರುಗುಮುರುಗಾಗಿ ಜೋಡಿಸಿ, ಎಲ್‌ಇಡಿ ಸುಟ್ಟಿದೆ ಎಂದು ದೂರು ತರುತ್ತವೆ. ಪಕ್ಕದ ಗುಂಪಿನದು ಏಕೆ ಹೊತ್ತಿತು, ಹೋಗಿ ನೋಡಿ ಬನ್ನಿ ಎಂದು ಕಳುಹಿಸಿದರೆ ಐದು ನಿಮಿಷದಲ್ಲಿ ಕಾರಣವನ್ನು ತಾವೇ ಹಿಡಿದು ತರುತ್ತಾರೆ. ರೆಸಿಸ್ಟರನ್ನು ಬಿಟ್ಟು ನೇರವಾಗಿ ಜೋಡಿಸಿ ನಿಜವಾಗಿಯೂ ಸುಡುವವರೂ ಇರುತ್ತಾರೆ. ಎಲ್‌ಇಡಿಗೆ ದೊಡ್ಡ ಬೆಲೆಯೇನಿಲ್ಲ, ಡಬ್ಬಿಯಲ್ಲಿ ಹೆಚ್ಚಿಗೆ ಇಟ್ಟುಕೊಂಡಿರುತ್ತೇನೆ.

ಇದಾದ ಮೇಲೆ ಬೇಸರದ ಭಾಗವನ್ನೂ ಮುಚ್ಚಿಡದೆ ತೋರಿಸುತ್ತೇನೆ. ದಾಖಲೆ ಪುಸ್ತಕ, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ, ಪಠ್ಯಪುಸ್ತಕ ಇವು ಮೂರನ್ನೂ ಸಾಲಿನಲ್ಲಿ ದಾಟಿಸುತ್ತೇನೆ. ಹಿಂದಿಯ ಮಾತು ಬಂದರೆ, ಅದರ ಬದಲಿಗೆ ಓದಬೇಕಾದದ್ದು ಇಷ್ಟಿದೆ, ನೋಡಿಕೊಂಡು ಹೇಳಿ ಎನ್ನುತ್ತೇನೆ. ಪ್ರಶ್ನೆಗಳನ್ನು ಬಾಯಲ್ಲಿ ಕೇಳುವ ಬದಲು ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಲು ಹೇಳಿದ್ದರಿಂದ ಬಹಳ ಪ್ರಯೋಜನವಾಯಿತು, ಏಕೆಂದರೆ ಎದ್ದು ನಿಂತು ಯಾರೂ ಕೇಳದ ಮಾತುಗಳು ಅದರಲ್ಲಿ ಬರುತ್ತವೆ. ಶಾಕ್ ಹೊಡೆದರೆ ಯಾರು ಜವಾಬ್ದಾರಿ ಎಂದು ಒಬ್ಬರು ಬರೆದರೆ, ಹುಡುಗಿಯರನ್ನು ರಿಪೇರಿಗೆ ಯಾರು ಕರೆಯುತ್ತಾರೆ ಎಂದು ಇನ್ನೊಬ್ಬರು ಬರೆದಿದ್ದರು. ಎರಡನೆಯದಕ್ಕೆ ಉತ್ತರವನ್ನು ನಾನು ಹೇಳದೆ, ಮಿಕ್ಸಿ ಬಿಚ್ಚಿದ ಹುಡುಗಿಗೇ ಬಿಟ್ಟೆ. ಅಮ್ಮನ ಗ್ರೈಂಡರಿನ ಸ್ವಿಚ್ಚು ತಾನೇ ಬದಲಾಯಿಸಿದ್ದು, ಆಮೇಲೆ ಎದುರುಮನೆಯ ಆಂಟಿಯೂ ಇಸ್ತ್ರಿಪೆಟ್ಟಿಗೆ ತಂದುಕೊಟ್ಟದ್ದು, ಇಷ್ಟನ್ನು ಹೇಳಿ ಅವಳು ಕುಳಿತಳು.

ಪೋಷಕರ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ಸಭೆಯಲ್ಲಿ ತಂದೆಯೊಬ್ಬರು, "ಮೇಷ್ಟ್ರೇ, ನಮ್ಮ ಹುಡುಗ ಕೊನೆಗೆ ರಿಪೇರಿ ಅಂಗಡೀಲಿ ಕೂರ್ಬೇಕಾ?" ಎಂದು ಕೇಳಿದ್ದರು. ಮೊದಲ ವರ್ಷವಾಗಿದ್ದರೆ ಕಂಪನಿ, ಸಂಬಳ ಎಂದು ಏನೇನೋ ಹೇಳುತ್ತಿದ್ದೆ. ಈಗ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ಎರಡು ವರ್ಷದ ಈ ಪಾಠದಿಂದ ಯಾರಿಗೂ ನೇರವಾಗಿ ನೌಕರಿ ಸಿಗುವುದಿಲ್ಲ, ಪಿಯುಸಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ತೆಗೆದುಕೊಂಡು ಯಾವ ವಿಭಾಗಕ್ಕಾದರೂ ಹೋಗಬಹುದು, ಮೂರು ವರ್ಷದ ಡಿಪ್ಲೊಮಾಕ್ಕೆ ಹೋಗುವುದಾದರೆ ಗಣಿತ ಮತ್ತು ವಿಜ್ಞಾನದ ಅಂಕಗಳೇ ಮುಖ್ಯ, ನನ್ನ ವಿಷಯದ ಅಂಕ ಅವಕ್ಕೆ ಬದಲಿಯಲ್ಲ, ಎರಡು ವರ್ಷದ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಅಥವಾ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಸೇರುವವರಿಗೆ ಮೊದಲ ತಿಂಗಳುಗಳು ಹಗುರವಾಗುತ್ತವೆ. ಆ ತಂದೆ ಯೋಚಿಸಿ ಹೇಳುತ್ತೇನೆಂದು ಹೋದರು, ಮಗನಿಗೆ ಹಿಂದಿಯನ್ನೇ ಉಳಿಸಿದರು. ಆ ಹುಡುಗ ಬರಲಿಲ್ಲವೆಂದು ನನಗೆ ಬೇಸರವಾಗಿದ್ದು ನಿಜ, ಆದರೆ ಅವರು ತಿಳಿದು ನಿರ್ಧರಿಸಿದರು.

ಹೆಸರು ಕೊಡುವವರ ಸಂಖ್ಯೆ ಮೊದಲ ವರ್ಷಕ್ಕಿಂತ ಈಗ ಸ್ವಲ್ಪ ಕಡಿಮೆಯೇ ಇದೆ. ಮುಖ್ಯ ಶಿಕ್ಷಕರು ಅದನ್ನು ಒಮ್ಮೆ ಎತ್ತಿ ಆಡಿದ್ದೂ ಉಂಟು. ಆದರೆ ಜುಲೈ ತಿಂಗಳಲ್ಲಿ ಲ್ಯಾಬಿನ ಬಾಗಿಲಲ್ಲಿ ನಿಂತು, ಬೇರೆ ವಿಷಯಕ್ಕೆ ಬದಲಾಯಿಸಿಕೊಡಿ ಎಂದು ಕೇಳುವವರು ಈಗ ಬರುವುದಿಲ್ಲ.

ಈ ವರ್ಷ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯ ಬ್ಯಾಗ್ ಇಲ್ಲದ ಶನಿವಾರದಂದು ಏಳನೇ ತರಗತಿಯವರಿಗೂ ತೋರಿಸಲು ಕರೆದಿದ್ದಾರೆ. ಅಲ್ಲಿಗೆ ಇಡೀ ಮಿಕ್ಸಿಯನ್ನು ಒಯ್ಯುವುದಿಲ್ಲ. ಆ ದಿನ ನನ್ನನ್ನು ಬೆವರಿಸಿದ ವೈರನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ಪ್ಲಗ್ಗಿನ ಬುಡದಲ್ಲಿ ರಬ್ಬರನ್ನು ಉದ್ದಕ್ಕೆ ಸೀಳಿ, ತುಂಡಾದ ಎಳೆಗಳು ಕಾಣುವಂತೆ ರಟ್ಟಿನ ಮೇಲೆ ಹೊಲಿದಿದ್ದೇನೆ. ಅದರ ಪಕ್ಕದಲ್ಲಿ ಅಂಥದ್ದೇ, ಆದರೆ ಸೀಳದ, ಇನ್ನೊಂದು ವೈರನ್ನು ಕಟ್ಟಿದ್ದೇನೆ. ಅದರಲ್ಲಿ ದೋಷ ಎಲ್ಲಿದೆ ಎಂಬುದನ್ನು ಅವರು ಬೀಪ್ ಕೇಳಿ ಹುಡುಕಬೇಕು.