ಸಣ್ಣ ಟ್ಯಾಂಕಿಗೆ ಮೀನು ಆರಿಸುವಾಗ: ಬಗೆ ಕಡಿಮೆ, ಸಂಖ್ಯೆ ಜಾಸ್ತಿ

ನನ್ನ ಮೊದಲ ಟ್ಯಾಂಕಿನಲ್ಲಿ ಹತ್ತು ಮೀನುಗಳಿದ್ದವು. ಐದು ಬಗೆ, ಒಂದೊಂದರಲ್ಲಿ ಎರಡೆರಡು: ಗಪ್ಪಿ, ನಿಯಾನ್ ಟೆಟ್ರಾ, ಟೈಗರ್ ಬಾರ್ಬ್, ಏಂಜೆಲ್, ಜೊತೆಗೆ ಗಾಜು ಕ್ಲೀನ್ ಮಾಡುತ್ತವೆ ಅಂತ ಎರಡು ಸಕ್ಕರ್. ಎಲ್ಲಾ ಒಟ್ಟಿಗೆ ಇರುತ್ತವೆ, ಏನೂ ತೊಂದರೆ ಇಲ್ಲ ಎಂದು ಮಾರಿದವರು ಹೇಳಿದ್ದರು. ನಾನೂ ನಂಬಿದೆ, ಅಂಗಡಿಯ ಟ್ಯಾಂಕಿನಲ್ಲಿ ಒಟ್ಟಿಗೇ ಇದ್ದವಲ್ಲ! ಮೂರನೇ ದಿನ ಬೆಳಗ್ಗೆ ಲೈಟ್ ಹಾಕಿ ನೋಡಿದರೆ, ಹಿಂದಿನ ದಿನ ಬೀಸಣಿಗೆಯ ಹಾಗಿದ್ದ ಗಂಡು ಗಪ್ಪಿಯ ಬಾಲ ಹರಿದ ಕೊಡೆಬಟ್ಟೆಯ ಹಾಗೆ ಎಳೆ ಎಳೆಯಾಗಿ ನೇತಾಡುತ್ತಿತ್ತು. ನಿಯಾನ್‌ಗಳೆರಡೂ ಹೀಟರ್ ಹಿಂದೆ ಸೇರಿಕೊಂಡು ಬಣ್ಣ ಕಳೆದುಕೊಂಡಿದ್ದವು. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ನಿಯಾನ್‌ಗಳು ಇರಲೇ ಇಲ್ಲ, ಏಂಜೆಲ್‌ಗಳ ಹೊಟ್ಟೆ ಮಾತ್ರ ದುಂಡಗಿತ್ತು.

ಈ ಕಥೆಯಲ್ಲಿ ಕೆಟ್ಟ ಮೀನು ಅಂತ ಯಾವುದೂ ಇಲ್ಲ. ಟೈಗರ್ ಬಾರ್ಬ್ ಎಂಟು ಹತ್ತು ಇದ್ದಾಗ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು ದಿನ ಕಳೆಯುತ್ತವೆ. ಎರಡೇ ಇದ್ದರೆ ಆ ಹುಮ್ಮಸ್ಸೆಲ್ಲ ಪಕ್ಕದವರ ಬಾಲದ ಮೇಲೆ. ಇನ್ನು ಅಂಗಡಿಯಲ್ಲಿ ಒಟ್ಟಿಗೆ ಇದ್ದದ್ದಕ್ಕೆ ಬೇರೆ ಕಾರಣ ಇದೆ. ಅಲ್ಲಿ ಇರುವುದೆಲ್ಲ ಮರಿಗಳು, ಅದೂ ಕಿಕ್ಕಿರಿದು ತುಂಬಿರುತ್ತವೆ, ಯಾವುದಕ್ಕೂ ಇದು ನನ್ನ ಜಾಗ ಎಂದು ಹಿಡಿದುಕೊಳ್ಳಲು ಆಗುವುದಿಲ್ಲ. ನಿಮ್ಮ ಮನೆಯ ಟ್ಯಾಂಕಿನಲ್ಲಿ ಜಾಗ ಸಿಗುತ್ತದೆ, ಮೀನು ಬೆಳೆಯುತ್ತದೆ, ಆಮೇಲೆ ಅದರ ನಿಜವಾದ ಗುಣ ಹೊರಗೆ ಬರುತ್ತದೆ.

ನಾನು ಸಣ್ಣ ಟ್ಯಾಂಕ್ ಅನ್ನುತ್ತಿರುವುದು 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ್ದು. ಲೆಕ್ಕಕ್ಕೆ 54 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಖಾಲಿ ಜಾಗ ಎಲ್ಲ ಕಳೆದರೆ 45 ಲೀಟರ್ ನೀರು ಹಿಡಿದರೆ ಹೆಚ್ಚು. ಇಷ್ಟರಲ್ಲಿ ಮೂರು ಬಗೆಗಿಂತ ಹೆಚ್ಚು ಮೀನು ಹಾಕಬೇಡಿ. ನಡುನೀರಿಗೆ ಒಂದು ಗುಂಪು, ತಳಕ್ಕೆ ಒಂದು ಗುಂಪು, ಬೇಕಿದ್ದರೆ ಮೇಲೆ ಓಡಾಡುವುದಕ್ಕೆ ಒಂದೇ ಒಂದು ಮೀನು, ಅಷ್ಟೇ. ಬಗೆಬಗೆಯ ಮೀನು ಬೇಕು ಅನ್ನಿಸುವುದು ಸಹಜ, ನನಗೂ ಅನ್ನಿಸಿತ್ತು. ಆದರೆ ಹತ್ತು ಒಂದೇ ಬಗೆಯ ಮೀನು ಒಟ್ಟಾಗಿ ತಿರುಗುವುದನ್ನು ಒಮ್ಮೆ ನೋಡಿ, ಆಮೇಲೆ ಮಾತಾಡೋಣ.

ಮೊದಲು ನೀರು ನೋಡಿ

ಮೀನಿನ ಪಟ್ಟಿ ಮಾಡುವ ಮೊದಲು ನಿಮ್ಮ ನೀರು ಗಡಸೋ ಮೆದುವೋ ತಿಳಿದುಕೊಳ್ಳಿ. ಟೆಸ್ಟ್ ಕಿಟ್ ಇದ್ದರೆ ಸರಿ, ಇಲ್ಲದಿದ್ದರೆ ದಿನಾ ನೀರು ಕಾಯಿಸುವ ಪಾತ್ರೆಯ ಒಳಗೆ ಕೈಯಾಡಿಸಿ. ತಳದಲ್ಲಿ ಬಿಳಿ ಪದರ ಕಟ್ಟಿ ಒರಟಾಗಿದ್ದರೆ ನೀರು ಗಡಸು. ಗಪ್ಪಿ, ಪ್ಲಾಟಿ, ಮೋಲಿಗೆ ಇಂಥ ನೀರೇ ಇಷ್ಟ, ಪಿಎಚ್ 7ರಿಂದ 8ರ ತನಕ ಆರಾಮಾಗಿರುತ್ತವೆ. ನಿಯಾನ್, ಎಂಬರ್, ಕಾರ್ಡಿನಲ್‌ನಂಥ ಟೆಟ್ರಾಗಳು ಮತ್ತು ರಾಸ್‌ಬೋರಾಗಳ ಮೂಲ ಮೆದುವಾದ, ಸ್ವಲ್ಪ ಆಮ್ಲೀಯ ನೀರು. ಈಗ ಸಾಕಿ ಬೆಳೆಸಿದ ನಿಯಾನ್‌ಗಳು ಮಧ್ಯಮ ನೀರಿಗೂ ಹೊಂದಿಕೊಳ್ಳುತ್ತವೆ, ಆದರೆ ಪಾತ್ರೆಯಲ್ಲಿ ಪದರ ದಪ್ಪಗೆ ಕಟ್ಟುವಂಥ ನೀರಾದರೆ ಅವುಗಳ ಸಹವಾಸ ಬೇಡ.

ಪಿಎಚ್ ಇಳಿಸುವ ದ್ರಾವಣ ಸಿಗುತ್ತದೆ, ಗೊತ್ತು. ಗಡಸು ನೀರಿಗೆ ಅದನ್ನು ಹಾಕಿದರೆ ಇವತ್ತು ಇಳಿಯುತ್ತದೆ, ನಾಡಿದ್ದು ಮತ್ತೆ ಮೇಲೇರುತ್ತದೆ, ಈ ಏರಿಳಿತವೇ ಮೀನಿಗೆ ಹೆಚ್ಚು ಕಷ್ಟ. ನಲ್ಲಿಯಲ್ಲಿ ಬರುವ ನೀರಿಗೆ ಹೊಂದುವ ಮೀನು ತನ್ನಿ. ನೀರು ಬದಲಿಸುವ ಕೆಲಸವೂ ಆಗ ಸುಲಭ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದನ್ನು ತೆಗೆಯುವ ದ್ರಾವಣ ಹಾಕುವುದನ್ನು ಮಾತ್ರ ಮರೆಯಬೇಡಿ.

ಬಿಸಿ ಎಷ್ಟಿರಬೇಕು? 24ರಿಂದ 26 ಡಿಗ್ರಿ ಇಟ್ಟರೆ ಹೆಚ್ಚಿನ ಉಷ್ಣವಲಯದ ಮೀನುಗಳಿಗೆ ಸಾಕು. ಜೀಬ್ರಾ ಡ್ಯಾನಿಯೊ, ವೈಟ್ ಕ್ಲೌಡ್ ಇನ್ನೂ ತಣ್ಣಗಿನ ನೀರು ಕೇಳುತ್ತವೆ. ಡಿಸ್ಕಸ್ 28ರಿಂದ 30 ಡಿಗ್ರಿ ಬೇಡುತ್ತದೆ, ಅದು ಸಣ್ಣ ಟ್ಯಾಂಕಿನ ಮೀನೇ ಅಲ್ಲ. ಗೋಲ್ಡ್‌ಫಿಶ್ ತಣ್ಣೀರಿನ ಮೀನು, ದೊಡ್ಡದಾಗುತ್ತದೆ, ಜಾಸ್ತಿ ಹೊಲಸು ಮಾಡುತ್ತದೆ. ಎಷ್ಟೇ ಮುದ್ದಾಗಿ ಕಂಡರೂ ಇಲ್ಲಿಗೆ ಬೇಡ.

ಬಾಯಿ ಎಷ್ಟು ದೊಡ್ಡದು?

ಮೀನಿನ ಲೋಕದಲ್ಲಿ ಬಾಯಿಗೆ ಹಿಡಿಸುವುದೆಲ್ಲ ಊಟವೇ. ಏಂಜೆಲ್ ಕೊಳ್ಳುವಾಗ ನಾಣ್ಯದಷ್ಟಿರುತ್ತದೆ, ನಿಯಾನ್ ಪಕ್ಕದಲ್ಲಿ ಸಾಧುವಾಗಿ ಕಾಣುತ್ತದೆ. ಬೆಳೆದ ಮೇಲೆ ಅದರ ದೇಹವೇ 15 ಸೆಂ.ಮೀ. ಹತ್ತಿರ ಆಗುತ್ತದೆ, ರೆಕ್ಕೆಗಳನ್ನೂ ಸೇರಿಸಿದರೆ ಎತ್ತರ ಇನ್ನೂ ಜಾಸ್ತಿ. 30 ಸೆಂ.ಮೀ. ಎತ್ತರದ ಟ್ಯಾಂಕಿನಲ್ಲಿ ಅದು ತಿರುಗುವುದಾದರೂ ಹೇಗೆ? ಆಗ 3 ಸೆಂ.ಮೀ. ನಿಯಾನ್ ಅದಕ್ಕೆ ಒಂದು ತುತ್ತು. ಅದಕ್ಕೇ ಮೀನು ಈಗ ಎಷ್ಟಿದೆ ಅಂತ ನೋಡಬೇಡಿ, ಬೆಳೆದರೆ ಎಷ್ಟಾಗುತ್ತದೆ ಅಂತ ಕೇಳಿ. ಗಾಜು ನೆಕ್ಕುವ ಸಾಮಾನ್ಯ ಸಕ್ಕರ್ 30 ಸೆಂ.ಮೀ. ದಾಟುತ್ತದೆ, ಸಿಲ್ವರ್ ಶಾರ್ಕ್ ಕೂಡ ಹಾಗೇ. ಶಾರ್ಕ್ ಎಂಬ ಹೆಸರಲ್ಲೇ ಮಾರುವ ಪಂಗಾಸಿಯಸ್ ಬೆಳೆದರೆ ಒಂದು ಮೀಟರ್ ಮೀರುತ್ತದೆ! ಮೀನು ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಳವಣಿಗೆ ಕುಂಠಿತವಾಗುವುದು ನಿಜ, ಅದು ಹೊಂದಿಕೆಯಲ್ಲ, ಕಾಯಿಲೆ.

ಒಂದು ಇಂಚು ಮೀನಿಗೆ ಇಷ್ಟು ನೀರು ಎನ್ನುವ ಹಳೇ ಲೆಕ್ಕವೂ ಸರಿಬರುವುದಿಲ್ಲ. ಎರಡು ಸೆಂ.ಮೀ.ನ ಐದು ಎಂಬರ್ ಟೆಟ್ರಾ ಮಾಡುವ ಹೊಲಸಿಗೂ, ಹತ್ತು ಸೆಂ.ಮೀ.ನ ಒಂದು ಗೋಲ್ಡ್‌ಫಿಶ್ ಮಾಡುವ ಹೊಲಸಿಗೂ ಎಲ್ಲಿಯ ಹೋಲಿಕೆ?

ಗುಂಪು ಕಟ್ಟುವುದು

ಮೊದಲು ನಡುನೀರಿನ ಗುಂಪನ್ನು ಆರಿಸಿ, ಮಿಕ್ಕಿದ್ದನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿ. ಮೆದು ನೀರಿದ್ದರೆ ಎಂಬರ್ ಟೆಟ್ರಾ, ನಿಯಾನ್, ಹಾರ್ಲೆಕ್ವಿನ್ ರಾಸ್‌ಬೋರಾ, ಈ ಮೂರರಲ್ಲಿ ಒಂದು. ನನ್ನ ಮಟ್ಟಿಗೆ ಎಂಬರ್. ಚಿಕ್ಕದು, ಕೆಂಡದ ಬಣ್ಣ, ಯಾರ ತಂಟೆಗೂ ಹೋಗುವುದಿಲ್ಲ. ಕನಿಷ್ಠ ಆರು ಇರಲೇಬೇಕು, ಎಂಟು ಹತ್ತು ಇದ್ದರೆ ಚೆನ್ನ. ಇದು ಅಂದಕ್ಕಾಗಿ ಹೇಳುವ ಮಾತಲ್ಲ. ಗುಂಪಿನ ಮೀನಿಗೆ ಸುತ್ತ ತನ್ನಂಥವು ಇದ್ದರೆ ಮಾತ್ರ ಧೈರ್ಯ. ಎರಡೇ ಇದ್ದರೆ ಇಡೀ ದಿನ ಬೇಟೆಗಾರನಿಗೆ ಹೆದರಿದ ಹಾಗೆ ಮೂಲೆ ಹಿಡಿಯುತ್ತವೆ, ತಿನ್ನುವುದಿಲ್ಲ, ಬೇಗ ಕಾಯಿಲೆ ಬೀಳುತ್ತವೆ.

ತಳಕ್ಕೆ ಕೋರಿಡೋರಸ್. ಇದರಲ್ಲಿ ಪಿಗ್ಮಿ ಎಂಬ ಪುಟ್ಟ ಬಗೆ 3 ಸೆಂ.ಮೀ. ದಾಟುವುದಿಲ್ಲ, ಆರು ತಂದರೂ ಭಾರ ಅನ್ನಿಸುವುದಿಲ್ಲ. ಸ್ವಲ್ಪ ದೊಡ್ಡದಾದ ಬ್ರಾಂಜ್ ಕೋರಿ ಗಟ್ಟಿ ಮೀನು, ಗಡಸು ನೀರನ್ನೂ ತಾಳಿಕೊಳ್ಳುತ್ತದೆ. ಕೋರಿ ಇಡುವುದಾದರೆ ತಳಕ್ಕೆ ಚೂಪು ಹರಳು ಹಾಕಬೇಡಿ, ನುಣ್ಣನೆಯ ಮರಳು ಹಾಕಿ. ಒಂದು ಕೋರಿ ತಿನ್ನುವುದನ್ನು ಹತ್ತಿರದಿಂದ ನೋಡಿ: ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತೂರಿಸುತ್ತದೆ, ಬಾಯಿ ತುಂಬ ಮರಳು ತೆಗೆದುಕೊಂಡು ಕಿವಿರಿನಿಂದ ಹೊಗೆಯ ಹಾಗೆ ಹೊರಗೆ ಬಿಡುತ್ತದೆ, ತಿನ್ನುವ ಚೂರು ಮಾತ್ರ ಒಳಗೆ ಉಳಿಯುತ್ತದೆ. ಚೂಪು ಹರಳಿನಲ್ಲಿ ಇದೇ ಕೆಲಸ ಮಾಡಿದರೆ ಮೀಸೆ ಸವೆದು ಹುಣ್ಣಾಗುತ್ತದೆ. ಆಗಾಗ ಅದು ರಪ್ಪನೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ನುಂಗಿ ಬರುತ್ತದೆ, ಗಾಬರಿ ಬೇಡ, ಕರುಳಿನಿಂದಲೂ ಉಸಿರಾಡುವ ಮೀನು ಅದು. ಎಲ್ಲವೂ ಒಟ್ಟಿಗೆ ಪದೇ ಪದೇ ಹೋಗುತ್ತಿದ್ದರೆ ಮಾತ್ರ ನೀರು ಪರೀಕ್ಷಿಸಿ. ಇನ್ನೊಂದು ಮಾತು, ಕೋರಿ ಕಸ ಗುಡಿಸುವ ಆಳಲ್ಲ. ಮೇಲಿನವು ಬಿಟ್ಟದ್ದನ್ನು ತಿಂದುಕೊಳ್ಳಲಿ ಅಂತ ಬಿಟ್ಟರೆ ಹೊಟ್ಟೆಗಿಲ್ಲದೆ ಸೊರಗುತ್ತದೆ. ಮುಳುಗುವ ಗುಳಿಗೆಯನ್ನು ಅದಕ್ಕೇ ಅಂತ ಹಾಕಬೇಕು.

ಮೇಲಿನ ನೀರಿಗೆ ‘ಹನಿ’ (honey) ಗೌರಾಮಿ ಎಂಬ ಬಗೆಯದು ಒಂದು. ಐದು ಸೆಂ.ಮೀ. ಆಸುಪಾಸು, ಸಾಧು, ಮುಂದೆ ಚಾಚಿದ ಎರಡು ದಾರದಂಥ ರೆಕ್ಕೆಗಳಿಂದ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಾ ತಿರುಗುತ್ತದೆ. ಇದರ ಜಾಗದಲ್ಲಿ ಬಣ್ಣದ ಆಸೆಗೆ ಎರಡು ಗಂಡು ಡ್ವಾರ್ಫ್ ಗೌರಾಮಿ ತಂದರೆ ಇಷ್ಟು ಚಿಕ್ಕ ಜಾಗದಲ್ಲಿ ಹೊಡೆದಾಟ ಖಂಡಿತ.

ಬೆಟ್ಟಾ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಗಂಡು ಬೆಟ್ಟಾ ಒಂದು ಜೂಜು. ಕೆಲವು ಸುಮ್ನೆ ಇರುತ್ತವೆ, ಕೆಲವು ಸಿಕ್ಕಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತವೆ, ತಂದು ಬಿಡುವ ತನಕ ಗೊತ್ತಾಗುವುದಿಲ್ಲ. ಉದ್ದ ಬಾಲದ ಗಪ್ಪಿಯ ಜೊತೆ ಬೇಡ, ಗೌರಾಮಿಯ ಜೊತೆ ಬೇಡವೇ ಬೇಡ, ಅವು ಹತ್ತಿರದ ಸಂಬಂಧಿಗಳು, ಒಂದನ್ನೊಂದು ಎದುರಾಳಿ ಅಂದುಕೊಳ್ಳುತ್ತವೆ. ಎಂಬರ್ ಮತ್ತು ಪಿಗ್ಮಿ ಕೋರಿ ಜೊತೆ ಪ್ರಯತ್ನಿಸಬಹುದು, ಆದರೆ ಬೇರೆ ಮಾಡಲು ಇನ್ನೊಂದು ಟ್ಯಾಂಕ್ ಸಿದ್ಧ ಇಟ್ಟುಕೊಂಡು. ಇನ್ನು ಟೈಗರ್ ಬಾರ್ಬ್ ಮತ್ತು ಸೆರ್ಪೆ ಟೆಟ್ರಾ, ಇವೆರಡೂ ಬಾಲ ಕಚ್ಚುವುದರಲ್ಲಿ ಹೆಸರಾದವು. ಬಾರ್ಬ್ ಬೇಕೇ ಬೇಕು ಅಂದರೆ ಚೆರ್ರಿ ಬಾರ್ಬ್ ತನ್ನಿ, ಅದರ ಸ್ವಭಾವವೇ ಬೇರೆ.

ಗಡಸು ನೀರಿನವರು ಬೇಜಾರು ಮಾಡಿಕೊಳ್ಳಬೇಡಿ. ಏಳೆಂಟು ಗಂಡು ಗಪ್ಪಿ, ತಳಕ್ಕೆ ಆರು ಬ್ರಾಂಜ್ ಕೋರಿ, ಗಾಜಿನ ಪಾಚಿಗೆ ಒಂದೆರಡು ನೆರೈಟ್ ಬಸವನಹುಳು, ಇಷ್ಟಿದ್ದರೆ ಟ್ಯಾಂಕ್ ಹಬ್ಬ. ನೆರೈಟ್ ಸಿಹಿನೀರಿನಲ್ಲಿ ಮರಿ ಮಾಡುವುದಿಲ್ಲ, ಗಡಸು ನೀರು ಅದರ ಚಿಪ್ಪಿಗೂ ಒಳ್ಳೆಯದು. ಗಂಡು ಗಪ್ಪಿ ಮಾತ್ರ ಅಂತ ಯಾಕೆ ಹೇಳಿದೆ ಅಂದರೆ, ಹೆಣ್ಣು ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಹತ್ತಾರು ಮರಿ ಹಾಕುತ್ತದೆ, ಗಂಡನ್ನು ತೆಗೆದರೂ ನಿಲ್ಲುವುದಿಲ್ಲ, ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಇಟ್ಟುಕೊಳ್ಳಬಲ್ಲದು. ಮರಿ ಬೇಕು ಅನ್ನುವವರು ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಡಿ, ಇಲ್ಲದಿದ್ದರೆ ಇರುವ ಒಂದು ಹೆಣ್ಣಿಗೆ ಗಂಡುಗಳ ಕಾಟದಿಂದ ಉಸಿರಾಡಲೂ ಪುರುಸೊತ್ತು ಸಿಗುವುದಿಲ್ಲ.

ತರುವುದು, ಬಿಡುವುದು

ಟ್ಯಾಂಕ್ ಇಟ್ಟ ದಿನವೇ ಮೀನು ತರಬೇಡಿ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಸುಮ್ನೆ ಫಿಲ್ಟರ್ ಓಡಿಸಿದರೆ ಆಗುವುದಿಲ್ಲ, ಚಿಟಿಕೆ ಮೀನಿನ ಆಹಾರವನ್ನೋ ಅಮೋನಿಯಾವನ್ನೋ ಹಾಕುತ್ತಿರಬೇಕು, ಬ್ಯಾಕ್ಟೀರಿಯಾಗೂ ಊಟ ಬೇಕಲ್ವಾ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಕಾಣಿಸುತ್ತಿದೆ ಅಂದರೆ ಟ್ಯಾಂಕ್ ತಯಾರು. ಆಮೇಲೂ ಎಲ್ಲ ಮೀನು ಒಂದೇ ದಿನ ಬೇಡ. ಮೊದಲು ಆರು, ಎರಡು ವಾರ ಬಿಟ್ಟು ತಳದ ಗುಂಪು, ಗೌರಾಮಿ ಕೊನೆಗೆ. ಜಾಗಕ್ಕಾಗಿ ಜಗಳ ಆಡಬಲ್ಲ ಮೀನು ಕೊನೆಗೆ ಬಂದರೆ ಇದು ತನ್ನದು ಅನ್ನಲು ಅದಕ್ಕೆ ಖಾಲಿ ಜಾಗ ಸಿಗುವುದಿಲ್ಲ.

ಅಂಗಡಿಯಲ್ಲಿ ಅವಸರ ಬೇಡ, ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ರೆಕ್ಕೆ ಮೈಗೆ ಅಂಟಿಸಿಕೊಂಡಿರುವ, ಹೊಟ್ಟೆ ಒಳಗೆ ಹೋಗಿರುವ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇರುವ ಮೀನು ಕಂಡರೆ ಆ ಟ್ಯಾಂಕಿನಿಂದ ಒಂದೂ ಬೇಡ, ಚೆನ್ನಾಗಿ ಕಾಣುವುದೂ ಬೇಡ. ಸತ್ತ ಮೀನು ತೇಲುತ್ತಿದ್ದರಂತೂ ಮುಂದೆ ನಡೆಯಿರಿ. ಸ್ವಲ್ಪ ಆಹಾರ ಹಾಕಿ ತೋರಿಸಿ ಅಂತ ಕೇಳಿ. ತಂದ ಮೇಲೆ ಸಾಧ್ಯವಾದರೆ ಎರಡು ಮೂರು ವಾರ ಬೇರೆ ಡಬ್ಬಿಯಲ್ಲಿ ಇಡಿ. ಒಂದು ಪ್ಲಾಸ್ಟಿಕ್ ಟಬ್, ಹೀಟರ್, ಸ್ಪಾಂಜ್ ಫಿಲ್ಟರ್ ಸಾಕು.

ಬಿಡುವಾಗ ಟ್ಯಾಂಕಿನ ಲೈಟ್ ಆರಿಸಿ. ಮೀನಿನ ಕವರನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿ, ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ಕವರಿಗೆ ಸೇರಿಸಿ, ಆಮೇಲೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಿ. ಅಂಗಡಿಯ ನೀರು ಟ್ಯಾಂಕಿಗೆ ಬೇಡ. ಹಳೇ ಮೀನು ಹೊಸದನ್ನು ಓಡಿಸಲು ಶುರು ಮಾಡಿದರೆ ಕಲ್ಲು ಗಿಡಗಳ ಜಾಗ ಬದಲಿಸಿ ನೋಡಿ, ಗಡಿಗಳೆಲ್ಲ ಅಳಿಸಿಹೋಗಿ ಎಲ್ಲರೂ ಹೊಸಬರಾಗುತ್ತಾರೆ. ಎರಡು ಮೂರು ದಿನವಾದರೂ ಕಾಟ ನಿಲ್ಲದಿದ್ದರೆ ಓಡಿಸುವ ಮೀನನ್ನೇ ಬೇರೆ ಮಾಡಿ, ಸರಿಹೋಗುತ್ತೆ ಅಂತ ಕಾಯಬೇಡಿ.

ಆಮೇಲೆ ದಿನಾ ಊಟ ಹಾಕುವಾಗ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಹತ್ತರಲ್ಲಿ ಒಂಬತ್ತೇ ಬಂದರೆ ಹತ್ತನೆಯದನ್ನು ಅವತ್ತೇ ಹುಡುಕಿ: ಹೀಟರ್ ಹಿಂದೆ, ಫಿಲ್ಟರ್ ಕೊಳವೆಯ ಬಾಯಲ್ಲಿ, ಗಿಡದ ಬುಡದಲ್ಲಿ. ಎಲ್ಲೂ ಇಲ್ಲದಿದ್ದರೆ ಟ್ಯಾಂಕಿನ ಹಿಂದಿನ ನೆಲ ನೋಡಿ, ಮುಚ್ಚಳಕ್ಕೆ ಎಲ್ಲಿ ಸಂದು ಬಿಟ್ಟಿದ್ದೀರಿ ಅನ್ನೋದು ಆಗ ಗೊತ್ತಾಗುತ್ತದೆ.